ಟೈಪಿಂಗ್ ಶಾಲೆಯ ಮೊದಲ ಶಿಷ್ಯ

ನಾನು ನೇಯ್ದ ಕಂಬಳಿ ಹೊದಿಸಿದರೆ ಮಧುಗಿರಿ ಬೆಟ್ಟವೂ ಬೆವರುತ್ತಿದ್ದ ಕಾಲ ಅದು, ಎಂಬತ್ತನೇ ಇಸವಿಯ ಸುಮಾರು. ಶಿರಾ ಬಸ್ಸಿನಲ್ಲಿ ಪಕ್ಕ ಕೂತಿದ್ದ ಕಾಲೇಜು ಹುಡುಗಿಯ ಕೈಯಲ್ಲಿ ಸರ್ಕಾರಿ ಕೆಲಸದ ಅರ್ಜಿ ಇತ್ತು. ಅವಳಪ್ಪ ಕೊಟ್ಟು ಕಳಿಸಿದ್ನಂತೆ. ಅವಳಿಗೋ ಸ್ವಂತ ಟೈಪಿಂಗ್ ಶಾಲೆ ತೆರೆಯೋ ಆಸೆ.

“ತೆರಿ ಕಣವ್ವ, ಅದಕ್ಕೇನು?” ಅಂದೆ.

“ಕಲಿಯೋಕೆ ಯಾರೂ ಬರ್ದಿದ್ರೆ, ಮಾವ?”

“ನನ್ನ ಮೊದಲ ಕಂಬಳೀನೂ ಯಾರೂ ಮುಟ್ಟಲಿಲ್ಲ. ನಮ್ಮವ್ವ ಅದನ್ನ ಹೊದ್ಕಂಡು ಉರಿಬಿಸಿಲಲ್ಲಿ ಊರೆಲ್ಲಾ ತಿರುಗಿ, ‘ನನ್ಮಗ ನೇಯ್ದಿದ್ದು, ಎಂಥಾ ತಂಪು!’ ಅಂತ ಸಾರ್ಬುಟ್ಲು.”

“ನಂಗೆ ಅವ್ವ ಇಲ್ಲ, ಮಾವ.”

“ಹಂಗಾರೆ ಮೊದಲ ಶಿಷ್ಯ ನಾನೇ, ಬರ್ಕೊ,” ಅಂದುಬುಟ್ಟೆ.

ಅವಳು ಅರ್ಜಿ ತಿರುಗಿಸಿ, ಅದರ ಹಿಂದೆ ನನ್ನ ಹೆಸರು ಬರೆದಳು.

ಶಾಲೆ ತೆರೆದೇಬಿಟ್ಟಳು, ನಾನೂ ಹೋಗಿ ಕೂತೆ. ಒಂದಕ್ಷರ ಓದಲು ಬಾರದೆ ಟೈಪಿಂಗ್ ಕಲಿತವನು ನಾಲ್ಕು ತಾಲ್ಲೂಕಿನಲ್ಲಿ ನಾನೊಬ್ಬನೇ. ನಾನು ಟೈಪ್ ಹೊಡೆದಿದ್ದು ಏನು ಅಂತ ಮಾತ್ರ ಅವಳು ಇವತ್ತಿಗೂ ಹೇಳಿಲ್ಲ.