ಮಾರ್ಸೆಲ್ ಅಂಕಲ್ ಮತ್ತು ಅವರ ನಾಯಿ

ಶುಕ್ರವಾರ ಸಂಜೆ ಅಬುಧಾಬಿಯ ಸಮುದ್ರ ದಂಡೆಯಲ್ಲಿ ಎಲ್ಲರೂ ನೀರಿನ ಕಡೆ ಮುಖ ಮಾಡಿ ಕೂತಿದ್ದರೆ, ಒಬ್ಬರು ಮಾತ್ರ ತಲೆ ತಗ್ಗಿಸಿ ಮರಳನ್ನೇ ನೋಡುತ್ತ ನಡೆಯುತ್ತಿದ್ದರು. ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಉದ್ದನೆಯ ಕೋಲು, ಕೋಲಿನ ತುದಿಗೆ ತಟ್ಟೆಯಂಥದ್ದು. ಅಂಗಳ ಗುಡಿಸುವವರ ಹಾಗೆ ಅದನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಹೋಗುವರು. ಅಲ್ಲಿ ವಾರದ ರಜೆ ಶುಕ್ರವಾರ; ಇಗರ್ಜಿಯ ಪೂಜೆ ಮುಗಿಸಿ ನೇರ ಬಂದಿರುತ್ತಿದ್ದುದರಿಂದ ಇಸ್ತ್ರಿ ಮಾಡಿದ ಪ್ಯಾಂಟು ಮೊಣಕಾಲಿನ ತನಕ ಮಡಚಿರುತ್ತಿತ್ತು.

ಅವರೇ ನಮ್ಮ ಮಾರ್ಸೆಲ್ ಅಂಕಲ್. ಊರು ಕಿನ್ನಿಗೋಳಿ ಕಡೆ. ಮುಸಫ್ಫಾದ ಫ್ಯಾಬ್ರಿಕೇಶನ್ ಕಂಪನಿಯೊಂದರಲ್ಲಿ ಫಿಟ್ಟರ್. ಅದೇ ಕಂಪನಿಯ ಆಫೀಸಿನಲ್ಲಿ ನಾನು ಟೈಪಿಸ್ಟ್. ಮೈಸೂರಿನಿಂದ ಮದುವೆಯಾಗಿ ಬಂದು ಹಮ್ದಾನ್ ಸ್ಟ್ರೀಟಿನಲ್ಲಿ ಸಂಸಾರ ಹೂಡಿದ್ದ ನನಗೆ ಆ ಊರಲ್ಲಿ ಕನ್ನಡ ಮಾತಾಡಲು ಸಿಕ್ಕ ಮೊದಲ ಹಿರಿಯರು. ಅವರ ಹೆಂಡತಿ ಹಿಲ್ಡಾ ಬಾಯಿ ಊರಲ್ಲೇ ಇದ್ದರು. ಫ್ಯಾಮಿಲಿ ವೀಸಾಕ್ಕೆ ಸಾಲುವಷ್ಟು ಸಂಬಳ ಅಂಕಲ್‌ಗೆ ಕೊನೆಯ ತನಕ ಬರಲೇ ಇಲ್ಲ.

ಆ ಯಂತ್ರ, ಕೆಲಸ ಬಿಟ್ಟು ಸ್ವದೇಶಕ್ಕೆ ಹೊರಟ ಇಂಗ್ಲಿಷ್ ಎಂಜಿನಿಯರ್ ಒಬ್ಬ ಕೊಟ್ಟುಹೋದದ್ದು. ಮರಳಿನೊಳಗೆ ಲೋಹ ಇದ್ದರೆ ಕೂಗುತ್ತದೆ. ಅಂಕಲ್ ಅದನ್ನು ನಾಯಿ ಎಂದೇ ಕರೆಯುತ್ತಿದ್ದರು. "ನಿನ್ನೆ ನಾಯಿ ಎಂಟು ಸಲ ಬೊಗಳಿತು ಮೇಡಂ, ಏಳು ಸಲ ಸುಳ್ಳು" ಎಂದು ಶನಿವಾರ ಬೆಳಿಗ್ಗೆ ವರದಿ ಒಪ್ಪಿಸುವರು. ಸಿಕ್ಕಿದ್ದೆಲ್ಲ ಬಿಸ್ಕತ್ತಿನ ಡಬ್ಬಿ ಸೇರುತ್ತಿತ್ತು. ಒಂದು ದಿನ ಅದರಿಂದ ಅಂಚು ಅಲೆಅಲೆಯಾಗಿದ್ದ ನಾಣ್ಯವೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ರಾಜನ ತಲೆಯಿದ್ದ ಒಂದಾಣೆ! ನಮ್ಮಜ್ಜಿಯ ಕುಂಕುಮದ ಭರಣಿಯಲ್ಲಿದ್ದಂಥದ್ದೇ. ದಿರ್ಹಂ ಬರುವುದಕ್ಕೆ ಮುಂಚೆ ಇಲ್ಲಿ ನಮ್ಮ ರೂಪಾಯಿಯೇ ಓಡುತ್ತಿತ್ತೆಂದು ನನಗೆ ಗೊತ್ತಾದದ್ದು ಆಗಲೇ.

"ನೋಡಿ, ನಮಗಿಂತ ಮೊದಲು ನಮ್ಮ ಆಣೆ ಇಲ್ಲಿಗೆ ಬಂದಿದೆ. ಅದೂ ವೀಸಾ ಇಲ್ಲದೆ!"

ಇನ್ನೊಮ್ಮೆ ನಂಬರ್ ಕೊರೆದ ಹಿತ್ತಾಳೆ ಬಿಲ್ಲೆ ಸಿಕ್ಕಿತು. ಕೂಲಿಯವರು ವಾಸವಿರುವ ಕ್ಯಾಂಪಿನ ಮೆಸ್ಸಿನಲ್ಲಿ ಊಟಕ್ಕೆ ತೋರಿಸುವ ಬಿಲ್ಲೆ. ಚೆನ್ನಾಗಿದೆ, ಕೀ ಚೈನ್ ಮಾಡಿಕೊಳ್ಳಿ ಎಂದೆ. ಅವರಿಗೆ ಸಿಟ್ಟೇ ಬಂತು. "ಆಣೆ ಯಾರದ್ದೂ ಅಲ್ಲ. ನಂಬರ್ ಇದ್ದದ್ದು ಒಬ್ಬನದ್ದು. ಅವ ಹುಡುಕ್ತಾ ಇರ್ತಾನೆ, ಎಂತ ಮಾತು ನಿಮ್ಮದು?" ಮೂರು ವಾರ ಮುಸಫ್ಫಾದ ಕ್ಯಾಂಪುಗಳ ಬಾಗಿಲು ತಟ್ಟಿದರು. ಕೊನೆಗೆ ಸಿಕ್ಕ ಪಠಾಣ್ ವೆಲ್ಡರ್‌ಗೆ ಹೊಸ ಬಿಲ್ಲೆ ಆಗಲೇ ಬಂದಾಗಿತ್ತು. ಆದರೂ ಅವನು ಇವರನ್ನು ತಬ್ಬಿಕೊಂಡು, ಕೂರಿಸಿ ಚಹಾ ಕುಡಿಸಿ ಕಳಿಸಿದನಂತೆ.

ಇಷ್ಟೊಂದು ಆಸ್ಥೆ ಯಾಕೆಂದು ನನಗೆ ತಿಳಿದದ್ದು ತಡವಾಗಿ. ಯಂತ್ರದ ಬ್ಯಾಟರಿ ಮುಚ್ಚಳ ಒಡೆದಿತ್ತು. ಹೊಸದನ್ನು ತರಿಸಲು ಕಾಗದ ಟೈಪ್ ಮಾಡಿಸಲಿಕ್ಕೆ ಅದರ ಇಂಗ್ಲಿಷ್ ಪುಸ್ತಿಕೆ ಹಿಡಿದು ಬಂದಿದ್ದರು. "ಬೇಗ ಬರ್ಬೇಕು ಮೇಡಂ, ಬೀಚಿಗೆ ಮಣ್ಣು ತುಂಬಿಸ್ತಾರಂತೆ. ಆಮೇಲೆ ಖಲಾಸ್" ಎಂದವರ ಕಣ್ಣು ತುಂಬಿತು. ಮೆಲ್ಲನೆ ಎಲ್ಲ ಹೇಳಿದರು. ಬಂದ ಹೊಸತರಲ್ಲಿ ಆ ದಂಡೆಯಲ್ಲಿ ಸ್ನಾನಕ್ಕಿಳಿದಾಗ ಮದುವೆಯುಂಗುರ ಬೆರಳಿನಿಂದ ಜಾರಿಹೋಗಿತ್ತು. ಒಳಗೆ ಹಿಲ್ಡಾ ಎಂದು ಕೊರೆಸಿದ ಚಿನ್ನದ ಉಂಗುರ. ಸಾಲ ಮಾಡಿ ಅಂಥದ್ದೇ ಇನ್ನೊಂದು ಮಾಡಿಸಿ ತೊಟ್ಟುಕೊಂಡರು. ಹೆಂಡತಿಗೆ ಹೇಳಲಿಲ್ಲ. "ರಜೆಯಲ್ಲಿ ಹೋದಾಗ ಅವಳು ಕೈ ಹಿಡಿದರೆ ನನಗೆ ಸುಳ್ಳು ಹೇಳಿದ ಹಾಗೆ ಆಗ್ತದೆ."

ಆ ರಾತ್ರಿ ಪುಸ್ತಿಕೆಯನ್ನು ಮೊದಲಿನಿಂದ ಓದಿದೆ. ಯಂತ್ರಕ್ಕೊಂದು ತಿರುಗಣೆ ಇತ್ತು. ಅದನ್ನು ಪೂರ್ತಿ ಏರಿಸಿದರೆ ಪೆಪ್ಸಿ ಕ್ಯಾನಿನಿಂದ ಕಿತ್ತೆಸೆದ ಕೊಂಡಿಗಳಿಗೆ ಯಂತ್ರ ಕೂಗುವುದಿಲ್ಲ. ಮಂಡಿನೋವಿನ ಅಂಕಲ್, ಸುಮ್ಮಸುಮ್ಮನೆ ಬಗ್ಗುವುದು ತಪ್ಪಲೆಂದು ಅದನ್ನು ಸದಾ ಏರಿಸಿಯೇ ಇಡುತ್ತಿದ್ದರು. ಹಾಗಿಟ್ಟರೆ ಸಣ್ಣ ಚಿನ್ನದುಂಗುರಕ್ಕೂ ಯಂತ್ರ ಕೂಗದು ಎಂದು ಪುಸ್ತಿಕೆಯಲ್ಲಿ ಬರೆದಿತ್ತು. ಯಂತ್ರ ಕೈಗೆ ಬಂದ ಏಳು ವರ್ಷವೂ ಹೀಗೇ!

"ಸುಮ್ನಿರೇ, ಪಾಪ. ಈಗ ಹೇಳಿ ಯಾಕೆ ನೋಯಿಸ್ತೀಯ?" ಎಂದರು ನನ್ನ ಗಂಡ. ಒಂದು ವಾರ ನುಂಗಿಕೊಂಡೆ. ಆದರೆ ದಂಡೆಗೆ ಬೇಲಿ ಬೀಳಲು ಉಳಿದಿದ್ದದ್ದು ಎರಡೇ ಶುಕ್ರವಾರ. ನಾನೇ ದಂಡೆಗೆ ಹೋಗಿ ಹೇಳಿಬಿಟ್ಟೆ.

ಅಂಕಲ್ ನಂಬಲಿಲ್ಲ. "ನಾಣ್ಯ ಇಟ್ಟು ಟೆಸ್ಟ್ ಮಾಡಿದ್ದೇನಲ್ಲ ಮಾರಾಯ್ರೆ!" ಉಂಗುರ ಇಟ್ಟು ನೋಡಿದ್ದೀರಾ ಎಂದೆ. ಇಟ್ಟಿರಲಿಲ್ಲ. ಒಂದನ್ನು ಕಳೆದುಕೊಂಡ ಮೇಲೆ ಎರಡನೆಯದನ್ನು ಅವರು ಬೆರಳಿನಿಂದ ಬಿಚ್ಚಿಯೇ ಇರಲಿಲ್ಲ. ಸಮುದ್ರದ ನೀರು ಹಚ್ಚಿ, ತಿರುವಿ ತಿರುವಿ ಅದನ್ನು ತೆಗೆದರು. ನನ್ನ ಕರವಸ್ತ್ರ ಹಾಸಿ ಅದರ ಮೇಲಿಟ್ಟರು. ಯಂತ್ರ ಆಡಿಸಿದರು. ನಾಯಿ ಸುಮ್ಮನಿತ್ತು. ತಿರುಗಣೆ ಪೂರ್ತಿ ಇಳಿಸಿದರು. ಬೊಗಳಿತು.

ಅಲ್ಲೇ ಕೂತರು. "ಬಾಯಿ ಕಟ್ಟಿದ್ದು ನಾನೇ. ನಾಯಿದು ತಪ್ಪು ಎಂತ ಇಲ್ಲ" ಎಂದು ನಗಲು ನೋಡಿದರು. ಆಗದೆ ಅತ್ತರು. ನಾನೂ ಅತ್ತೆ. ಯಾಕಾದರೂ ಹೇಳಿದೆನೋ ಅನ್ನಿಸಿತು.

ಆ ಎರಡು ಶುಕ್ರವಾರ ಅವರು ಕತ್ತಲಾಗುವ ತನಕ ಬಗ್ಗಿದರು, ಎದ್ದರು. ಚೀಲ ತುಂಬ ಕ್ಯಾನಿನ ಕೊಂಡಿ ಸಿಕ್ಕಿತು. ಉಂಗುರ ಮಾತ್ರ, ಅಲ್ಲಿಯವರು ಹೇಳುವ ಹಾಗೆ, ಮಾಫಿ; ಇಲ್ಲವೇ ಇಲ್ಲ. ಮೂರನೆಯ ವಾರ ಲಾರಿಗಳು ಬಂದವು.

ವರ್ಷದೊಳಗೆ ಅಂಕಲ್ ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಊರಿಗೆ ಹೊರಟರು. ಯಂತ್ರವನ್ನೂ ಡಬ್ಬಿಯನ್ನೂ ನನಗೆ ಕೊಟ್ಟರು. ತಿರುಗಣೆಯನ್ನು ಪೂರ್ತಿ ಇಳಿಸಿ, ಮೇಲೆ ಟೇಪ್ ಸುತ್ತಿದ್ದರು. "ಹಿಲ್ಡಾನಿಗೆ ಹೇಳ್ತೇನೆ ಮೇಡಂ. ಎದುರು ಕೂತು ಹೇಳ್ತೇನೆ" ಎಂದದ್ದೇ ಅವರ ಕೊನೆಯ ಮಾತು. ಮತ್ತೆ ನಾವು ಭೇಟಿಯಾಗಲಿಲ್ಲ.

ನಾಲ್ಕು ವರ್ಷದ ಮೇಲೆ, ಅವರು ತೀರಿಕೊಂಡ ಸುದ್ದಿ ಕೇಳಿ ಹಿಲ್ಡಾ ಬಾಯಿಗೆ ಫೋನ್ ಮಾಡಿದೆ.

"ಬಂದ ದಿವಸವೇ ಹೇಳಿದ್ರು ಮೇಡಂ. ಬ್ಯಾಗು ಕೆಳಗೆ ಇಡ್ಲಿಲ್ಲ, ಚಾ ಮುಟ್ಲಿಲ್ಲ. ಇಷ್ಟಕ್ಕೆ ಬಿಸಿಲಲ್ಲಿ ಸತ್ರಾ ನೀವು ಅಂತ ಬೈದೆ" ಎಂದರು. ಮತ್ತೆ ಅವರೇ ಮುಂದುವರಿಸಿದರು: "ಮೊನ್ನೆ ಪೆಟ್ಟಿಗೆಯಲ್ಲಿ ಮಲಗಿಸುವಾಗ ಉಂಗುರ ಅವರ ಬೆರಳಿಂದ ಬರ್ಲಿಲ್ಲ. ಸೋಪು ಹಾಕಿ ತೆಗೆಯುವ ಅಂತ ಮೈದುನ ಹೇಳಿದ. ನಾನು ಬೇಡ ಹೇಳಿದೆ. ಅವರೊಟ್ಟಿಗೇ ಹೋಗ್ಲಿ."

ನನಗೆ ಬುದ್ಧಿ ಎಲ್ಲಿತ್ತೋ! "ಅದು ಎರಡನೆಯದಲ್ವಾ ಬಾಯಿ?" ಎಂದುಬಿಟ್ಟೆ.

"ಎರಡನೆಯದ್ದು ಎಂತದ್ದು ಮೇಡಂ? ಮೊದಲಿನದ್ದು ಅವರ ಕೈಯಲ್ಲಿ ಇದ್ದದ್ದು ಎರಡು ವರ್ಷ. ಇದು ಇಪ್ಪತ್ತೆಂಟು ವರ್ಷ."