ಹರಿದು ಹಾಕಬೇಕಿದ್ದ ಚೀಟಿಗಳು

ಅವರ ಪ್ಯಾಂಟಿನ ಹಿಂಭಾಗ ಯಾವಾಗಲೂ ಧೂಳು. ಮುಂದಿನಿಂದ ನೋಡಿದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಎಣ್ಣೆ ಹಚ್ಚಿ ಬಾಚಿದ ತಲೆ, ಎಲ್ಲಾ ನೀಟು. ತಿರುಗಿದರೆ ಮಾತ್ರ ಕೂತೆದ್ದ ಗುರುತು. ಶಾಲೆ ನೋಡಲು ಬಂದವರಿಗೆ ಹೆಡ್ ಮಾಸ್ತರರು ಕುರ್ಚಿ ಒರೆಸಿ ಕೊಡುವುದು ಪದ್ಧತಿ. ಇವರು ಆ ಕುರ್ಚಿಗೆ ಒಂದು ನಮಸ್ಕಾರ ಹಾಕಿ, ಸೀದಾ ಕೊನೆಯ ಸಾಲಿಗೆ ಹೋಗಿ, ಮಕ್ಕಳ ನಡುವೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದರು. ನಾವು ಟೀಚರುಗಳು ಅದನ್ನು ಕಂಡು ಬೆನ್ನ ಹಿಂದೆ ನಗುತ್ತಿದ್ದೆವು. ನಾನೇ ಹೆಚ್ಚು ನಕ್ಕವಳು.

ಅವರು ನಮ್ಮ ಸಿಆರ್‌ಪಿ ಸರ್. ಒಂದಿಷ್ಟು ಶಾಲೆಗಳ ಗುಂಪಿಗೆ ಒಬ್ಬ ಮಾಸ್ತರರನ್ನು ನೇಮಿಸಿ, ಉಳಿದ ಮಾಸ್ತರರಿಗೆ ಪಾಠ ಮಾಡುವುದರಲ್ಲಿ ನೆರವಾಗಿ ಎಂದು ತಿರುಗಲು ಬಿಡುತ್ತಾರಲ್ಲ, ಆ ಕೆಲಸ. ಹೆಸರಿಗೆ ನೆರವು. ಮಾಡಿಸುವುದೆಲ್ಲ ಎಷ್ಟು ಮೊಟ್ಟೆ ಹಂಚಿದಿರಿ, ಎಷ್ಟು ಶೂ ಬಂದವು, ಫೋಟೋ ಎಲ್ಲಿ, ಇವತ್ತೇ ಕಳಿಸಿ ಎಂಬ ಗೋಳು. ಆ ಗೋಳನ್ನು ಬೆಳಿಗ್ಗೆಯೇ ಮುಗಿಸಿ, ಉಳಿದ ಹೊತ್ತು ತರಗತಿಯಲ್ಲಿ ಕೂತ ಒಬ್ಬನೇ ಒಬ್ಬ ಸಿಆರ್‌ಪಿಯನ್ನು ನಾನು ಕಂಡಿದ್ದೇನೆ. ಆತನಿಗೆ ನಾವೆಲ್ಲ ಸೇರಿ ಏನು ಮಾಡಿದೆವು ಎಂಬುದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ನಾನಾಗ ಕೆಲಸಕ್ಕೆ ಸೇರಿ ಎರಡು ವರ್ಷ. ಲಿಂಗಸುಗೂರಿನಲ್ಲಿ ಬಾಡಿಗೆ ಕೋಣೆ, ಮಸ್ಕಿವರೆಗೆ ಬಸ್ಸು, ಅಲ್ಲಿಂದ ಪಾಮನಕಲ್ಲೂರಿನ ಕಡೆಯ ಒಂದು ಹಳ್ಳಿಗೆ ಮಂದಿ ತುಂಬಿದ ಆಟೋ. ಶಾಲೆ ಮುಟ್ಟುವಷ್ಟರಲ್ಲಿ ಸಿಟ್ಟು ಮೂಗಿನ ತುದಿಗೆ ಬಂದಿರುತ್ತಿತ್ತು. ನಮ್ಮ ಶಾಲೆಗೆ ಭೇಟಿಯ ದಿನ ಸಿಆರ್‌ಪಿ ಸರ್ ಸಿಂಧನೂರಿನಿಂದ ಬೈಕಿನಲ್ಲಿ ಬಂದು ನನಗಿಂತ ಮೊದಲೇ ಅಂಗಳದಲ್ಲಿ ಮಕ್ಕಳ ಜೊತೆ ಲಗೋರಿಯ ಕಲ್ಲು ಪೇರಿಸುತ್ತಿರುತ್ತಿದ್ದರು.

ಮೊದಲ ಸಲ ಅವರು ನನ್ನ ಪಾಠ ನೋಡಿದಾಗ ನಾನು ಉಸಿರು ಬಿಡದೆ ಮಾತಾಡಿದೆ. ಇಷ್ಟು ಚಂದ ಯಾರೂ ಪಾಠ ಮಾಡಿರಲಿಕ್ಕಿಲ್ಲ ಎಂದುಕೊಂಡೆ. ಮುಗಿದ ಮೇಲೆ ಅವರು ಭೇಟಿ ಪುಸ್ತಕದಲ್ಲಿ 'ಭೇಟಿ ನೀಡಿದೆ, ಪಾಠ ನೋಡಿದೆ' ಎಂದಷ್ಟೇ ಬರೆದು ಸಹಿ ಹಾಕಿದರು. ಆಮೇಲೆ ಬೇವಿನ ಗಿಡದ ಕೆಳಗೆ ಕರೆದು ನಾಲ್ಕು ಮಡಿಕೆ ಹಾಕಿದ ಒಂದು ಚೀಟಿ ಕೈಗಿಟ್ಟರು.

"ಓದ್ರಿ ಮೇಡಂ. ಮನಸಿಗೆ ಬಂದ್ರ ಮಾಡ್ರಿ, ಇಲ್ಲಾಂದ್ರ ಬಿಡ್ರಿ. ಓದಿದ ಮ್ಯಾಲೆ ಹರದು ಹಾಕ್ರಿ."

ಚೀಟಿಯಲ್ಲಿ ಹೀಗಿತ್ತು: 'ನಲವತ್ತು ನಿಮಿಷದಲ್ಲಿ ನೀವು ಮಾತಾಡಿದ್ದು ಮೂವತ್ತೇಳು. ಒಂಬತ್ತು ಸಲ ಪ್ರಶ್ನೆ ಕೇಳಿ ನೀವೇ ಉತ್ತರ ಹೇಳಿದಿರಿ. ಕಿಟಕಿ ಪಕ್ಕದ ಹುಡುಗ ಎರಡು ಸಲ ಕೈ ಎತ್ತಿ ಇಳಿಸಿದ.'

ಅಯ್ಯೋ, ಎಂಥ ಸಿಟ್ಟು ಬಂತು! ಮಾತಾಡದೆ ಪಾಠ ಮಾಡುವುದು ಹೇಗಪ್ಪಾ? ಚೀಟಿಯನ್ನು ಹರಿಯಲಿಲ್ಲ. ಮುಂದೆ ಜಗಳಕ್ಕೆ ಬೇಕಾದೀತು ಎಂದು ಬ್ಯಾಗಿನಲ್ಲಿ ಇಟ್ಟುಕೊಂಡೆ. ಮುಂದಿನ ಭೇಟಿಯಲ್ಲಿ ಕೇಳಿಯೇಬಿಟ್ಟೆ, "ಇಷ್ಟು ತಪ್ಪು ಹುಡುಕೋರು ಅದನ್ನ ಪುಸ್ತಕದಾಗ ಯಾಕ ಬರಿಯಂಗಿಲ್ರಿ?"

"ಪುಸ್ತಕದಾಗ ಬರದ್ರ ನಾಳೆ ಯಾವನೋ ಸಾಹೇಬ ಬಂದು ಅದನ್ನ ತೋರಿಸಿ ನಿಮ್ಮನ್ನ ಅಂಜಸ್ತಾನ. ನೀವು ಅಂಜಿಕೊಂಡು ಬಂದು ಹುಡುಗುರನ್ನ ಅಂಜಸ್ತೀರಿ. ನನಗ ಬೇಕಾಗಿದ್ದು ಅದಲ್ಲಲ್ರಿ."

ತರಗತಿಯಲ್ಲಿ ನಾನು ಪ್ರಶ್ನೆ ಕೇಳಿದೊಡನೆ ಹಿಂದಿನ ಸಾಲಿನಿಂದ ಅವರ ಅಂಗೈ ಮೇಲೇಳುತ್ತಿತ್ತು, ತಡೀರಿ ಎಂದು. ನಾನು ತಡೆಯುತ್ತಿದ್ದೆ. "ತಲಿಯಾಗ ಮೋಟರ್ ಚಾಲೂ ಆಗಾಕ ಹೊತ್ತು ಬೇಕಲ್ರಿ ಮೇಡಂ. ಬಟನ್ ಒತ್ತಿದ ಕೂಡ್ಲೇ ನೀರು ಬರತೈತೇನು?" ಎನ್ನುತ್ತಿದ್ದರು. ತಡೆದರೆ ನಿಜವಾಗಿಯೂ ಉತ್ತರ ಬರುತ್ತಿತ್ತು. ಅದು ನನಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು.

ಐದನೇ ತರಗತಿಯಲ್ಲಿ ದುರುಗಮ್ಮ ಎಂಬ ಹುಡುಗಿಯಿದ್ದಳು. ಮುಂಜಾನೆ ಕುರಿಗಳಿಗೆ ನೀರು ಕುಡಿಸಿ ತಡವಾಗಿ ಬರುವವಳು, ಮೈಗೆಲ್ಲ ಕುರಿಯ ವಾಸನೆ. ಒಂದು ದಿನ ಲೆಕ್ಕ ತಪ್ಪಿದಳೆಂದು ನಾನು, "ಕುರಿ ಕಾಯೋದು ಬಿಟ್ಟು ಇಲ್ಲಿಗ್ಯಾಕ ಬಂದೀಯವ್ವ?" ಎಂದೆ. ಮಕ್ಕಳೆಲ್ಲ ಘೊಳ್ಳೆಂದರು. ನಾನೂ ನಕ್ಕೆ. ಸಿಆರ್‌ಪಿ ಸರ್ ಆವತ್ತು ಕೊನೆಯ ಸಾಲಿನಲ್ಲಿದ್ದರು.

ಆ ದಿನದ ಚೀಟಿ: 'ದುರುಗಮ್ಮನಿಗೆ ನೀವು ಕುರಿ ಕಾಯುವುದು ಬಿಟ್ಟು ಇಲ್ಲಿಗೇಕೆ ಬಂದೆ ಎಂದಿರಿ. ಮಕ್ಕಳು ನಕ್ಕರು, ನೀವೂ ನಕ್ಕಿರಿ. ಆಮೇಲೆ ಆಕೆ ಬೋರ್ಡು ನೋಡಲಿಲ್ಲ, ನೆಲ ನೋಡಿದಳು. ನಾಳೆ ಆಕೆಗೆ ಗೊತ್ತಿರುವುದನ್ನು ಕೇಳಿ.'

ಆಟೋದಲ್ಲಿ ಓದಿದೆ. ನಾನೂ ಹಳ್ಳಿಯವಳೇ, ನಮ್ಮವ್ವನೂ ಎಮ್ಮೆ ಕಾಯ್ದವಳೇ, ನನಗೇನು ಬಂದಿತ್ತು ಧಾಡಿ? ಮರುದಿನ ಕೇಳಿದೆ, "ದುರುಗಮ್ಮ, ಸಂಜಿಕ ಕುರಿ ಎಲ್ಲಾ ಬಂದಾವೋ ಇಲ್ಲೋ ನಿನಗ ಹೆಂಗ ಗೊತ್ತಾಗತೈತಿ?"

ಹುಡುಗಿ ತಲೆ ಎತ್ತಲಿಲ್ಲ. ನಾನು ಕಾದೆ.

"ಜೋಡಿ ಜೋಡಿ ಒಳಗ ಬಿಡ್ತೀನ್ರಿ. ನಮ್ಮವು ಇಪ್ಪತ್ನಾಕು. ಕಡೀಕ ಒಂದ ಉಳೀತಂದ್ರ ಇನ್ನೊಂದು ಎಲ್ಲೋ ತಪ್ಪೈತಿ ಅಂತ."

"ಎರಡು ತಪ್ಪಿಸಿಕೊಂಡ್ರ?" ಎಂದ ಹಿಂದಿನಿಂದ ಒಬ್ಬ.

"ಎರಡು ತಪ್ಪಿಸಿಕೊಂಡ್ರ ನಮ್ಮವ್ವ ನನ್ನ ಮನಿಯಾಗ ಬಿಟಗೊಂತಾಳೇನಲೇ?"

ಈ ಸಲ ಆಕೆಯೂ ನಕ್ಕಳು. ಸಮ ಸಂಖ್ಯೆ, ಬೆಸ ಸಂಖ್ಯೆಯ ಪಾಠವನ್ನು ಆವತ್ತು ದುರುಗಮ್ಮನೇ ಮಾಡಿದಳು. ಆಮೇಲಂತೂ ಆಕೆಯ ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ ನನಗೇ ಸಾಕಾಗುತ್ತಿತ್ತು. ಸಿಆರ್‌ಪಿ ಸರ್‌ಗೆ ಇದನ್ನು ಹೇಳಿ ಒಂದು ಶಾಬಾಸ್ ಸಿಕ್ಕೀತೆಂದು ನಿಂತರೆ ಅವರು, "ಚಲೋ ಆತು. ಅಲ್ಲಿ ಮೂಲ್ಯಾಗ ಇನ್ನೊಬ್ಬ ಕುಂತಾನ ನೋಡ್ರಿ" ಎಂದು ಬೈಕು ಹತ್ತಿದರು.

ಮೂರು ವರ್ಷದಲ್ಲಿ ಹನ್ನೊಂದು ಚೀಟಿ ಕೂಡಿದವು. ಜಗಳಕ್ಕೆಂದು ಇಟ್ಟುಕೊಂಡವನ್ನು ಯಾವಾಗ ಪಾಠದ ತಯಾರಿಗೆಂದು ತೆಗೆದು ನೋಡತೊಡಗಿದೆನೋ ಗೊತ್ತಿಲ್ಲ.

ಆಗ ಮೇಲಿನ ಕಚೇರಿಗೆ ಒಬ್ಬ ಹೊಸ ಸಾಹೇಬ ಬಂದ. ತರಗತಿಯ ಬಾಗಿಲು ದಾಟಿದವನಲ್ಲ, ಅಂಗಳದಲ್ಲಿ ನಿಂತು ಫೋಟೋ ಹೊಡೆಸಿಕೊಂಡು ಹೋಗುವವನು. ಆತ ಶಾಲೆಗಳ ಭೇಟಿ ಪುಸ್ತಕ ತರಿಸಿ ನೋಡಿದ. ನಂತರ ನಮ್ಮ ಗುಂಪಿನ ಮಾಸ್ತರರು, ಟೀಚರುಗಳನ್ನೆಲ್ಲ ಕಚೇರಿಗೆ ಕರೆಸಿದ. ಸಿಆರ್‌ಪಿ ಸರ್ ಅವರನ್ನು ನಮ್ಮೆದುರು ನಿಲ್ಲಿಸಿದ. ಕುಂದ್ರಿ ಎನ್ನಲಿಲ್ಲ.

"ಇಷ್ಟು ವರ್ಷದಾಗ ಒಂದು ದೋಷ ಬರದಿಲ್ಲ ನೀವು. ಎಲ್ಲಾ ಮಾಸ್ತರು ಬಂಗಾರದಂಥವ್ರೇನು? ಮನಿಯಾಗ ಕುಂತು ಸಹಿ ಹಾಕೀರಿ!"

"ಹೇಳೋದನ್ನ ಅವರಿಗೇ ಬರದು ಕೊಟ್ಟೀನ್ರಿ ಸರ್."

"ಎಲ್ಲೈತಿ?" ಸಾಹೇಬ ನಮ್ಮ ಕಡೆ ತಿರುಗಿದ. "ಯಾರಿಗರ ಇವರು ಬರದು ಕೊಟ್ಟಾರೇನು? ಇದ್ರ ತೋರಿಸ್ರಿ."

ಹನ್ನೊಂದು ಚೀಟಿಗಳೂ ನನ್ನ ತೊಡೆಯ ಮೇಲಿನ ಬ್ಯಾಗಿನಲ್ಲಿದ್ದವು. ಆಗಷ್ಟೇ ನಾನು ಲಿಂಗಸುಗೂರಿಗೆ ವರ್ಗಾವಣೆ ಕೇಳಿ ಅರ್ಜಿ ಹಾಕಿದ್ದೆ. ಚೀಟಿ ಕೊಟ್ಟರೆ ಸಾಹೇಬ ಓದುತ್ತಾನೆ. ದುರುಗಮ್ಮನ ಚೀಟಿಯನ್ನು ಎಲ್ಲರೆದುರು ಜೋರಾಗಿ ಓದುತ್ತಾನೆ. ಮಕ್ಕಳನ್ನು ಹೀಗಳೆಯುವ ಟೀಚರ್ ಎಂದು ಬರೆದುಕೊಳ್ಳುತ್ತಾನೆ. ಬ್ಯಾಗಿನ ಜಿಪ್ಪಿನ ಮೇಲೆ ಕೈಯಿಟ್ಟುಕೊಂಡು ಕೂತೆ. ಜಿಪ್ಪು ಎಳೆಯಲಿಲ್ಲ. ಉಳಿದವರು ಚೀಟಿ ಹರಿದಿದ್ದರು, ಸರಿ, ಬಾಯಿ ಹರಿದಿರಲಿಲ್ಲವಲ್ಲ? ನೌಕರಿಯೇ ಬಿಡುತ್ತೇನೆ ಎಂದು ಅಳುತ್ತಿದ್ದ ಒಬ್ಬ ಮಾಸ್ತರನ ಪಕ್ಕದಲ್ಲಿ ಇದೇ ಸಿಆರ್‌ಪಿ ಸರ್ ತಿಂಗಳುಗಟ್ಟಲೆ ನಿಂತು ಪಾಠ ಕಲಿಸಿದ್ದರು. ಆ ಮಹಾಶಯ ತನ್ನ ಬೂಟು ನೋಡುತ್ತಿದ್ದ. ಥೂ, ನಮ್ಮ ಜನ್ಮಕ್ಕಿಷ್ಟು!

ಕೆಲಸದಲ್ಲಿ ನಿರ್ಲಕ್ಷ್ಯ ಎಂದು ಬರೆದು ಅವರನ್ನು ಆ ಹುದ್ದೆಯಿಂದ ತೆಗೆದು, ಸಿಂಧನೂರಿನಾಚೆ ಎರಡು ಬಸ್ಸು ಬದಲಿಸಿ ಹೋಗಬೇಕಾದ ಶಾಲೆಗೆ ಹಾಕಿದರು. ನನಗೆ ಕೇಳಿದ ವರ್ಗಾವಣೆ ಸಿಕ್ಕಿತು.

ಒಂದು ವರ್ಷದ ಮೇಲೆ ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಮಿರ್ಚಿ, ಮಂಡಾಳ ಒಗ್ಗರಣಿ ಕೊಡಿಸಿ, ಏನೂ ಆಗಿಯೇ ಇಲ್ಲವೆಂಬಂತೆ ದುರುಗಮ್ಮ ಯಾವ ಹೈಸ್ಕೂಲಿಗೆ ಸೇರಿದಳು ಎಂದು ಕೇಳಿದರು. ನಾನು ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗೆ ಇಟ್ಟೆ.

"ಸರ್, ಆವತ್ತು ಚೀಟಿ ನನ್ನ ಬ್ಯಾಗಿನ್ಯಾಗ ಇದ್ವು."

"ಗೊತ್ತಿತ್ತು. ನೀವು ಅವನ್ನ ನೋಡಿ ತಯಾರಿ ಮಾಡೋದು ನಾ ಕಂಡಿದ್ನಿ."

"ಮತ್ತ ಹೇಳಬೇಕಿತ್ತಲ್ರೀ! ಆ ಟೀಚರ್ ಹಂತೇಲಿ ಅದಾವು ಅಂತ ಒಂದು ಮಾತು ಅನ್ನಬೇಕಿತ್ತು!"

ಅವರು ಕೈ ಒರೆಸಿಕೊಂಡ ಕಾಗದವನ್ನು ಮಡಿಚುತ್ತಾ ಕೂತರು. "ನೀವ ಎದ್ದು ನಿಂದ್ರತೀರಿ ಅಂತ ಕಾದೆ ಮೇಡಂ" ಎಂದರು. ಬಸ್ಸು ಬಂತು, ಹತ್ತಿ ಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೋದ ವರ್ಷ ಅವರು ಶಾಲೆಯ ಅಂಗಳದಲ್ಲಿ ಪ್ರಾರ್ಥನೆಗೆ ನಿಂತಲ್ಲೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ. ನಮ್ಮ ವಾಟ್ಸಪ್ ಗುಂಪಿನಲ್ಲಿ ಕೈ ಮುಗಿದ ಚಿತ್ರಗಳು ಸಾಲುಗಟ್ಟಿದವು. ಬಾಯಿ ಬಿಡದ ಮಂದಿಯ ಬೆರಳಿಗೆ ಎಲ್ಲಿಲ್ಲದ ಹುರುಪು!

ಶಿಕ್ಷಕರ ಸಭೆಯಲ್ಲಿ ಶ್ರದ್ಧಾಂಜಲಿ ಇಟ್ಟರು. ಅದೇ ಸಾಹೇಬ, ಈಗ ಇನ್ನೂ ದೊಡ್ಡ ಕುರ್ಚಿ, ಫೋಟೋಕ್ಕೆ ಹಾರ ಹಾಕಿ, ಆದರ್ಶ ಶಿಕ್ಷಕ, ತುಂಬಲಾರದ ನಷ್ಟ ಎಂದು ಮೈಕಿನಲ್ಲಿ ಗದ್ಗದಿತನಾದ. ನಾನು ಎದ್ದು ಹೋಗಿ ಆ ಮೈಕು ಕಸಿದುಕೊಂಡೆ. ದುರುಗಮ್ಮನ ಚೀಟಿಯನ್ನು, ನಾನು ನಕ್ಕಿದ್ದು ಸಮೇತ, ಒಂದಕ್ಷರ ಬಿಡದೆ ಓದಿದೆ.

"ಇದು ಅವರು ಮಾಡಿಲ್ಲ ಅಂತ ನೀವು ಬರದ ಕೆಲಸ ಸಾಹೇಬ್ರ. ಇನ್ನೂ ಹತ್ತು ಅದಾವು. ಓದ್ಲೇನು?"

ಸಾಹೇಬ ಕನ್ನಡಕ ತೆಗೆದು, ಮೆತ್ತಗೆ, "ಮೇಡಂ, ಇದನ್ನೆಲ್ಲಾ ಈಗ ಯಾಕ ತೋರಸ್ತೀರಿ? ಅವತ್ತ ಕೇಳಿದ್ನಲ್ಲಾ?" ಎಂದ.

ಆ ಮನುಷ್ಯ ತನ್ನ ನೌಕರಿಯಲ್ಲಿ ಕೇಳಿದ ಸರಿಯಾದ ಪ್ರಶ್ನೆ ಅದೊಂದೇ.