ಅವ್ವ ನುಂಗಿಕೊಂಡ ಒಂದು ಮಾತು

ನಮ್ಮ ಬೀದಿಯ ಟೀ ಅಂಗಡಿ ಮುಂದೆ ಎರಡು ಕಲ್ಲುಬೆಂಚುಗಳಿವೆ. ಭಾನುವಾರ ಬೆಳಿಗ್ಗೆ ಅಲ್ಲಿ ದೇವರಿಗೂ ಬಿಡುವಿಲ್ಲ. ಅವನು ಇದ್ದಾನೋ ಇಲ್ಲವೋ, ಮಡಿ-ಮೈಲಿಗೆ ಯಾರು ಮಾಡಿದ್ದು, ಸತ್ತ ಮೇಲೆ ಏನು ಉಳಿಯುತ್ತೆ ಎಂದು ಒಂದು ಟೀ ಮುಗಿಯುವಷ್ಟರಲ್ಲಿ ಮೂರು ಲೋಕ ಸುತ್ತಿ ಬರುತ್ತಾರೆ ನಮ್ಮ ಕೊಳ್ಳೇಗಾಲದ ನೇಕಾರರು. ಆಗ ಮಾತಾಡುವವರೆಲ್ಲ ಗಂಡಸರು. ನಾವು ಹೆಂಗಸರು ಒಳಗೆ ಮಗ್ಗದ ಮುಂದೆ ಕೂತು ಕೇಳಿಸಿಕೊಳ್ಳುತ್ತಿದ್ದೆವು.

ಆ ಬೀದಿಯಲ್ಲಿ ಅವ್ವನಷ್ಟು ನಾಜೂಕಾಗಿ ರೇಷ್ಮೆ ಸೀರೆ ನೇಯುವವರು ಇನ್ನೊಬ್ಬರಿಲ್ಲ. ಮಗಳೆಂದು ಹೇಳುತ್ತಿಲ್ಲ. ಅಲ್ಲ, ಮಗಳೆಂದೇ ಹೇಳುತ್ತಿದ್ದೇನೆ, ಏನೀಗ? ಆದರೂ ಅಪ್ಪ ತೀರಿಕೊಂಡ ಮೇಲೆ ಧಾರೆ ಸೀರೆ ನೇಯಲು ಅವಳನ್ನು ಯಾರೂ ಕೇಳಲಿಲ್ಲ. ಗಂಡ ಇಲ್ಲದವಳು ನೇಯ್ದದ್ದನ್ನು ಮದುಮಗಳು ಉಡಬಾರದಂತೆ. ಪೇಟೆಯ ಅಂಗಡಿಯೊಂದಕ್ಕೆ ನೇಯ್ದು ಕೊಡುತ್ತಿದ್ದಳು. ಸಾಧಾರಣ ಸೀರೆ ಎಂದು ಇಲ್ಲಿಂದ ಹೋದದ್ದು ಅಲ್ಲಿ ಯಾವ ಮದುವೆಗೆ ಹೋಗುತ್ತಿತ್ತೋ, ಅಂಗಡಿಯವರು ಹೇಳುತ್ತಿರಲಿಲ್ಲ.

ಒಂದು ಭಾನುವಾರ ಕೌದಳ್ಳಿಯಿಂದ ರೈತರೊಬ್ಬರು ನಮ್ಮ ಮನೆ ಹುಡುಕಿಕೊಂಡು ಬಂದರು. ಮಗಳ ಧಾರೆಗೆ ಅವ್ವನ ಕೈಯ ಸೀರೆಯೇ ಬೇಕಂತೆ. ಬೆಂಚಿನ ಮೇಲಿದ್ದ ಬೀದಿಯ ಹಿರಿಯರೊಬ್ಬರು ಅವರನ್ನು ಅಲ್ಲೇ ತಡೆದರು.

"ಆ ಮನೆ ಬ್ಯಾಡಿ ಕಣ್ರಿ. ಗಂಡ ಇಲ್ದೋಳ ಕೈದು ಧಾರೆಗಾಗಲ್ಲ."

ಕಿಟಕಿಯಿಂದ ಕೇಳಿ ನನಗೆ ಮೈಯೆಲ್ಲ ಉರಿಯಿತು. ಅವ್ವ ಲಾಳಿ ಕೆಳಗಿಟ್ಟು ಎದ್ದಳು. ನಾನೂ ಹಿಂದೆ ಹೋದೆ. ಅವಳು ನೇರ ಹೋಗಿ ಎದುರಿನ ಬೆಂಚಿನ ಮೇಲೆ ಕೂತಳು. ಆ ಬೆಂಚಿನ ಮೇಲೆ ಹೆಂಗಸು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅಣ್ಣ, ಸಾವು ಮೈಲಿಗೆ ಅಂತೀರಿ. ಗೂಡೊಳಗೆ ಉಳ ಸತ್ತ ಮೇಲೆ ತಾನೆ ನೂಲು ಬರೋದು? ಆ ರೇಷ್ಮೆ ನಿಮ್ಗೆ ಮಡಿ ಎಂಗಾಯ್ತು?"

ಹಿರಿಯರು ಸಾಮಾನ್ಯರಲ್ಲ. "ಕುದಿಯೋ ನೀರಲ್ಲಿ ಬೆಂದದ್ದಕ್ಕೆ ಮೈಲಿಗೆ ಇಲ್ಲ ಕಣವ್ವ" ಅಂದರು.

"ಅಂಗಾರೆ ನಾನಿನ್ನೆಷ್ಟು ಬೇಯ್ಬೇಕು ಏಳಿ. ಅಷ್ಟು ಬೇಯ್ತೀನಿ."

ಟೀ ಸೋಸುತ್ತಿದ್ದವನು ಸೋಸುವುದನ್ನು ನಿಲ್ಲಿಸಿದ. ಹಿರಿಯರು ಟೀ ಲೋಟ ಕೆಳಗಿಟ್ಟು ಹೇಳಿದರು: "ನಿನ್ನ ಮಾತು ಸರಿ ಇರ್ಬೋದು. ನಾಳೆ ಆ ಮಗೀಗೆ ಏನಾರ ಎಚ್ಚು ಕಮ್ಮಿ ಆದ್ರೆ ಯಾರವ್ವ ಒಣೆ?"

ಇದಕ್ಕೆ ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇತ್ತು. ನಾಲ್ಕು ವರ್ಷದ ಹಿಂದೆ ಅವರ ಮಗಳ ಮದುವೆಯಲ್ಲಿ ಧಾರೆ ಸೀರೆಯ ಸೆರಗನ್ನು ನೋಡಿದ್ದೆ. ಅದರ ಅಂಚಿನ ಕೊನೆಯ ಮಾವಿನಕಾಯಿ ಚಿತ್ತಾರದೊಳಗೆ ಒಂದೇ ಒಂದು ಹಸಿರು ಎಳೆ. ಅದು ಅವ್ವನ ಅಭ್ಯಾಸ, ಬೇರೆ ಯಾರೂ ಹಾಗೆ ಹಾಕುವುದಿಲ್ಲ. ಮನೆಗೆ ಬಂದು ಅವ್ವನಿಗೂ ಹೇಳಿದ್ದೆ. ನಮ್ಮ ಮನೆ ಬೇಡವೆಂದು ಈ ಮಹಾನುಭಾವರು ಪೇಟೆಗೆ ಹೋಗಿ, ಅವ್ವ ನೇಯ್ದದ್ದನ್ನೇ ಆರಿಸಿ ತಂದಿದ್ದರು. ಆ ಮಗಳು ಹನೂರಿನಲ್ಲಿ ಗಂಡ, ಎರಡು ಮಕ್ಕಳೊಂದಿಗೆ ಚೆನ್ನಾಗಿದ್ದಾಳೆ.

"ನಿಮ್ಮ ಮಗಳು..." ಅಂತ ಬಾಯಿ ತೆರೆದೆ. ಅವ್ವ ನನ್ನ ಮಣಿಕಟ್ಟು ಅದುಮಿದಳು, ಬಳೆ ಒಡೆಯುವಷ್ಟು ಜೋರಾಗಿ.

ಆಮೇಲೆ ರೈತರ ಕಡೆ ತಿರುಗಿದಳು. "ನಿಮ್ಗೆ ಅಳುಕಿದ್ರೆ ಬ್ಯಾಡಿ. ಇಲ್ದಿದ್ರೆ ಬನ್ನಿ, ಬಣ್ಣ ನೋಡಿ."

ಅವರು ಅಷ್ಟು ಹೊತ್ತೂ ಚೀಲ ಹಿಡಿದು ನಿಂತೇ ಇದ್ದರು. "ನಮ್ಮವ್ವನೂ ಗಂಡ ಇಲ್ದೋಳೇ ಕಣ್ರಿ. ವರ್ಷಾ ವರ್ಷ ನಮ್ಮೊಲಕ್ಕೆ ಮೊದ್ಲು ಬೀಜ ಆಕೋಳು ಅವ್ಳೇಯ. ಆ ರಾಗಿ ತಿಂದೇ ನನ್ ಮಗಳು ಬೆಳ್ದಿರೋದು" ಅಂದು, ಚಪ್ಪಲಿ ಬಿಟ್ಟು ನಮ್ಮ ಮನೆಯೊಳಗೆ ಬಂದರು.

ರೈತರು ಹೋದ ಮೇಲೆ ನಾನು ಅವ್ವನ ಮೇಲೆ ಹಾರಾಡಿದೆ. ಆ ಒಂದು ಮಾತು ಹೇಳಿದ್ದರೆ ಆ ಹಿರಿಯರು ಮತ್ತೆ ತಲೆಯೆತ್ತುತ್ತಿರಲಿಲ್ಲ, ಯಾಕೆ ತಡೆದೆ ಎಂದು ರೇಗಿದೆ.

ಅವಳು ತುಂಡಾದ ಎಳೆ ಹೊಸೆಯುತ್ತಾ ಹೇಳಿದಳು: "ಏಳಿದ್ರೆ ಸೋಲ್ತಿದ್ದ, ದಿಟ. ಆಮೇಲೆ ಆ ಮಗೀಗೆ ಒಂದು ನೆಗಡಿ ಬಂದ್ರೂ ನನ್ ಸೀರೆ ನೆನೆಸ್ಕಂಡು ಅಪ್ಪ ಮಗಳಿಬ್ರೂ ಎದ್ರುಕೋತಿದ್ರು. ಉಟ್ಟೋಳು ಸುಖವಾಗಿರ್ಲಿ ಅಂತಾನೇ ಕಣವ್ವ ನಾನು ನೇಯ್ದಿದ್ದು."

ಆ ಬೆಂಚಿನ ಮೇಲೆ ನಾನೀಗ ಎಷ್ಟೋ ವಾದ ಗೆದ್ದಿದ್ದೇನೆ. ಅವ್ವನಷ್ಟು ದೊಡ್ಡದಾಗಿ ಒಂದನ್ನೂ ಗೆದ್ದಿಲ್ಲ.